ತಟ್ಟೆ ದುಂಡಗೆ ಕಂಡ ಕಡೆ

ನಮ್ಮೂರ ಗುಡ್ಡದ ಮೇಲೆ ಕಂಬಕ್ಕೆ ಕೂರಿಸಿದ ದೊಡ್ಡ ಕಬ್ಬಿಣದ ತಟ್ಟೆ ಊರು ಬಿಟ್ಟು ಆಚೆಗೆ ಮುಖ ತಿರುಗಿಸಿದಾಗ ನಾನು ಅದರ ಕೆಳಗೇ ಅಂಗಾತ ಮಲಗಿ ಹಲ್ಲುಗಾಲಿಗೆ ಗ್ರೀಸು ತುಂಬುತ್ತಿದ್ದೆ. ಮೋಟಾರು ಗುರ್ ಎಂದಿತು. ಅದರಲ್ಲಿ ಹೊಸದೇನೂ ಇರಲಿಲ್ಲ. ಆಗ ತಟ್ಟೆ ಹಿಟ್ಟಿನ ಗಿರಣಿಯ ಕೊಟ್ರಪ್ಪನ ಹಿಂದೆ ಇತ್ತು; ಆತ ಊಟಕ್ಕೆ ಮನೆಗೆ ಹೊರಟಿರಬೇಕು ಅಂದುಕೊಂಡೆ. ಆದರೆ ಗುರುಗುಟ್ಟುವುದು ನಿಲ್ಲಲಿಲ್ಲ. ತಟ್ಟೆ ತಿರುಗುವ ಲೆಕ್ಕದಲ್ಲಿ ಗಿರಣಿಯಿಂದ ಕೊಟ್ರಪ್ಪನ ಮನೆಗೆ ಹನ್ನೊಂದು ಗೆರೆ. ತಟ್ಟೆ ಹನ್ನೊಂದು ದಾಟಿತು, ನಲವತ್ತು ದಾಟಿತು, ನೂರು ದಾಟಿತು. ನಾನು ಹೊರಳಿ ಎದ್ದು ಬರುವಷ್ಟರಲ್ಲಿ ಅದು ಊರಿಗೆ ಬೆನ್ನು ಹಾಕಿ, ಏನೂ ಇಲ್ಲದ ಸವುಳು ಬಯಲಿನ ಕಡೆ ಬಗ್ಗಿ ನಿಂತಿತ್ತು. ಒಂದು ಗಳಿಗೆ ಬಿಟ್ಟು ಅರ್ಧ ಗೆರೆಯಷ್ಟು ಸರಿಯಿತು. ಮತ್ತೆ ಅರ್ಧ ಗೆರೆ. ಆ ಬಿಸಿಲಲ್ಲಿ ಯಾರೋ ನಡೆಯುತ್ತಿದ್ದರು.

ತಟ್ಟೆ ನಮ್ಮೂರಲ್ಲಿ ಯಾವಾಗಲೂ ಯಾರಾದರೊಬ್ಬರ ಹಿಂದೆ ಇರುತ್ತದೆ. ಅವರು ನೀರಿಗೆ ಹೋದರೆ ಬಾವಿಯ ಕಡೆ ತಿರುಗುತ್ತದೆ, ಮಲಗಿದರೆ ಅವರ ಮನೆಯ ಮಾಳಿಗೆ ನೋಡುತ್ತಾ ನಿಲ್ಲುತ್ತದೆ. ವಾರಕ್ಕೋ ವರ್ಷಕ್ಕೋ ಬೇಸರವಾದಂತೆ ಅವರನ್ನು ಬಿಟ್ಟು ಇನ್ನೊಬ್ಬರನ್ನು ಹಿಡಿಯುತ್ತದೆ. ಯಾರನ್ನು ಹಿಡಿಯುತ್ತದೆ, ಯಾಕೆ ಬಿಡುತ್ತದೆ ಎನ್ನುವುದು ಮೂವತ್ತು ವರ್ಷ ಅದರ ಗೆರೆ ಬರೆದಿಟ್ಟ ನನ್ನಪ್ಪನಿಗೂ ತಿಳಿಯಲಿಲ್ಲ. ಜನ ಅದಕ್ಕೆ ಹೊಂದಿಕೊಂಡಿದ್ದರು. ಮೊಸರಿನ ಹಂಪವ್ವನ ಹಿಂದೆ ಇದ್ದ ವರ್ಷ ಹೆಂಗಸರು ಬಾಗಿಲಲ್ಲಿ ಕಾಯುವುದನ್ನೇ ಬಿಟ್ಟಿದ್ದರು. ಗುಡ್ಡದ ಕಡೆ ಒಮ್ಮೆ ನೋಡಿ, 'ಇನ್ನೂ ಅಗಸರ ಓಣ್ಯಾಗ ಅದಾಳ' ಎಂದು ಒಳಗೆ ಹೋಗಿ ಇನ್ನೊಂದು ರೊಟ್ಟಿ ಬಡಿಯುತ್ತಿದ್ದರು. ಲೆಕ್ಕದ ಮಾಸ್ತರರ ಹಿಂದೆ ಇದ್ದಾಗ ಅವರು ಹಿತ್ತಲ ಬಾಗಿಲಿಂದ ಹೊರಟರೂ ಶಾಲೆಯ ಮಕ್ಕಳೆಲ್ಲ ಪುಸ್ತಕ ತೆರೆದು ಕೂತಿರುತ್ತಿದ್ದರು. ನನ್ನ ಕೆಲಸ ತಟ್ಟೆಯ ಎರಡು ಮೋಟಾರು ನೋಡಿಕೊಳ್ಳುವುದು. ಸುತ್ತ ತಿರುಗಿಸುವುದೊಂದು, ಮೇಲೆ ಕೆಳಗೆ ಬಗ್ಗಿಸುವುದೊಂದು. ಕಂಬದ ಬುಡದಲ್ಲಿ ಮುನ್ನೂರ ಅರವತ್ತು ಗೆರೆಗಳ ಹಿತ್ತಾಳೆ ಬಳೆಯಿದೆ. ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ, ಮುಳ್ಳು ಯಾವ ಗೆರೆಯ ಮೇಲಿದೆ ಎಂದು ದಿನಕ್ಕೆ ಮೂರು ಸಲ ಬರೆದಿಡುತ್ತೇನೆ. ಊರಲ್ಲಿ ನನ್ನನ್ನು ಗ್ರೀಸಿನ ದುರಗವ್ವ ಎನ್ನುತ್ತಾರೆ.

ನಾನು ಇಳಿದು ಹೋಗಿ ಹೇಳುವ ಮೊದಲೇ ಊರಿಗೆ ಗೊತ್ತಾಗಿತ್ತು. ತಟ್ಟೆಯ ಬೆನ್ನನ್ನು ಊರು ಎಂದೂ ನೋಡಿರಲಿಲ್ಲ. ತುಕ್ಕು ಹಿಡಿದ ಕಬ್ಬಿಣದ ಪಕ್ಕೆಲುಬು, ಅದರ ನಡುವೆ ಯಾವುದೋ ಹಕ್ಕಿಯ ಗೂಡು. ಕೊಟ್ರಪ್ಪ ಗಿರಣಿ ನಿಲ್ಲಿಸಿ ಬೀದಿಗೆ ಬಂದು ಬಲಕ್ಕೆ ನಾಲ್ಕು ಹೆಜ್ಜೆ, ಎಡಕ್ಕೆ ನಾಲ್ಕು ಹೆಜ್ಜೆ ಇಟ್ಟು ನೋಡಿದ. ತಟ್ಟೆ ಅಲುಗಲಿಲ್ಲ. 'ನಾ ಏನು ತಪ್ಪು ಮಾಡಿದ್ನಪ್ಪಾ?' ಎಂದು ಸಿಕ್ಕಸಿಕ್ಕವರನ್ನು ಕೇಳಿದ. ಪಟೇಲ ಸಂಗನಗೌಡರು ಮನೆಮನೆಯ ತಲೆ ಎಣಿಸಲು ಹೇಳಿದರು. ಎಲ್ಲರೂ ಇದ್ದರು. ಹೊರಗೆ ಹೋದವರು ಒಬ್ಬರೂ ಇರಲಿಲ್ಲ.

'ಹಂಗಾರ ಅದು ನನ್ನ ಮನುಷ್ಯಾ' ಅಂದಳು ಫಾತಿಮಾಬಿ.

ಫಾತಿಮಾಬಿ ನನ್ನ ಪಕ್ಕದ ಮನೆಯವಳು. ಗಂಡ ಮಹಬೂಬ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಒಂಬತ್ತು ವರ್ಷದ ಹಿಂದೆ ತವರ ತರುತ್ತೇನೆಂದು ಬಯಲಿಗೆ ಇಳಿದವನು ತಿರುಗಿ ಬಂದಿರಲಿಲ್ಲ. ಅವಳು ಹಾಗೆ ಅಂದದ್ದೇ ತಡ, ಒಬ್ಬಳು ತನ್ನ ಅಣ್ಣನ ಹೆಸರು ಹೇಳಿದಳು, ಇನ್ನೊಬ್ಬರು ದೊಡ್ಡಪ್ಪನ ಹೆಸರು ಹೇಳಿದರು. ಬಯಲಿಗೆ ಇಳಿದು ಬಾರದವರು ಊರಲ್ಲಿ ಅಷ್ಟು ಜನ ಇದ್ದರು ಅಂತ ಅವತ್ತೇ ತಿಳಿದದ್ದು. ಕೊನೆಗೆ ಪಟೇಲರು ನನ್ನ ಕಡೆ ತಿರುಗಿ, 'ನಿನ್ನ ಗಂಡ ಯಂಕೋಬನೂ ಇರಬಹುದವ್ವಾ. ನಿಂಗ ಒಳ್ಳೇದಾಗ್ಲಿ' ಎಂದರು. ಎಲ್ಲರೂ ನನ್ನನ್ನು ಮರುಕದಿಂದ ನೋಡಿದರು. ನನ್ನ ಅಂಗೈ ತಣ್ಣಗಾಗಿತ್ತು.

ಯಾಕೆ ತಣ್ಣಗಾಯಿತು ಎಂದು ಹೇಳಬೇಕು. ಹನ್ನೆರಡು ವರ್ಷದ ಹಿಂದೆ ತಟ್ಟೆ ನಾಲ್ಕು ತಿಂಗಳು ನನ್ನ ಹಿಂದೆ ಇತ್ತು. ಯಂಕೋಬ ಮೊದಮೊದಲು ನಗುತ್ತಿದ್ದ. ಆಮೇಲೆ ಕೆಲಸ ಬಿಟ್ಟು ಕಟ್ಟೆಯ ಮೇಲೆ ಕೂತು ದಿನವಿಡೀ ಗುಡ್ಡ ನೋಡತೊಡಗಿದ. ನಾನು ಮನೆಗೆ ಬಂದಾಗ ಎಲ್ಲಿಗೆ ಹೋಗಿದ್ದೆ ಎಂದು ಕೇಳುತ್ತಿದ್ದ. ಹೇಳಿದರೆ, ಅಲ್ಲಿ ಅಷ್ಟು ಹೊತ್ತು ಯಾಕೆ ನಿಂತಿತ್ತು ತಟ್ಟೆ ಎಂದು ಕೇಳುತ್ತಿದ್ದ. ಒಂದು ದಿನ ನನ್ನನ್ನು ಕಾಳಿನ ಕೋಣೆಗೆ ತಳ್ಳಿ ಹೊರಗಿನಿಂದ ಅಗಳಿ ಹಾಕಿದ. ಮೂರು ದಿನ ನಾನು ಒಳಗಿದ್ದೆ. ಮೂರು ದಿನ ತಟ್ಟೆ ನಮ್ಮ ಮನೆಯನ್ನೇ ನೋಡುತ್ತಾ, ಒಂದು ಕೂದಲೆಳೆಯೂ ಸರಿಯದೆ ನಿಂತಿತ್ತು. ಊರೆಲ್ಲ ಅದನ್ನು ನೋಡಿತು. ದುರಗವ್ವನಿಗೆ ಜ್ವರ ಬಂದಿರಬೇಕು ಅಂದುಕೊಂಡರಂತೆ. ಮೂರನೆಯ ದಿನ ಜರಡಿ ಕೇಳುವ ನೆಪದಲ್ಲಿ ಬಂದು ಅಗಳಿ ತೆಗೆದವಳು ಫಾತಿಮಾಬಿ ಒಬ್ಬಳೇ. ಅವಳು ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹದಿನೈದು ದಿನದ ಮೇಲೆ ಯಂಕೋಬ ತಾನಾಗಿಯೇ ಬಯಲಿಗೆ ಇಳಿದು ಹೋದ. ಅವತ್ತಿನಿಂದ ಊರು ನನ್ನನ್ನು ಗಂಡನಿಗಾಗಿ ಕಾಯುವವಳು ಎಂದು ತಿಳಿದಿತ್ತು. ನಾನು ಕಾಯುತ್ತಿರಲಿಲ್ಲ.

ತಟ್ಟೆಯ ಅಂಚಿಗೆ ಒಂದು ದುರ್ಬೀನು ಬಿಗಿದಿದೆ. ತಟ್ಟೆ ಯಾರ ಕಡೆ ತಿರುಗುತ್ತದೋ ಅವರೇ ಅದರೊಳಗೆ ಕಾಣುತ್ತಾರೆ. ಊರೊಳಗಿನವರಾದರೆ ಅಂಗಿಯ ಗುಂಡಿಯೂ ಕಾಣಿಸುವಷ್ಟು ಚೊಕ್ಕವಾಗಿ. ಆದರೆ ಬಯಲಲ್ಲಿ ಬಿಸಿಲು ಏರಿತೆಂದರೆ ನೆಲ ನೀರಿನಂತೆ ಕುಲುಕುತ್ತದೆ, ನಿಂತದ್ದು ತಲೆಕೆಳಗಾಗುತ್ತದೆ, ಒಂದಿದ್ದದ್ದು ಎರಡಾಗುತ್ತದೆ. ಮರುದಿನ ಜನ ಸಾಲುಗಟ್ಟಿ ಗುಡ್ಡ ಹತ್ತಿದರು. ಒಬ್ಬರಾದ ಮೇಲೆ ಒಬ್ಬರು ಕಣ್ಣಿಟ್ಟರು. ಒಬ್ಬರಿಗೆ ಕುಂಟುವ ಕಾಲು ಕಂಡಿತು, ಒಬ್ಬರಿಗೆ ತಲೆಗೆ ಸುತ್ತಿದ ಪಟಗ ಕಂಡಿತು, ಒಬ್ಬರಿಗೆ ಮಡಿಸಿದ ಕೊಡೆ. ಫಾತಿಮಾಬಿಗೆ ಹೆಗಲ ಮೇಲೆ ತವರದ ಹೊರೆ ಕಂಡಿತು. 'ನೋಡು, ಎಡಗಡೆ ವಾಲ್ಯಾನ. ಅವಂದು ಎಡಗಡೆ ಭುಜಾನ' ಎಂದು ನನ್ನ ಕೈ ಹಿಡಿದಳು. ನಾನೂ ಕಣ್ಣಿಟ್ಟೆ. ಕುಲುಕುವ ಬಿಳುಪಿನಲ್ಲಿ ಕಪ್ಪು ದಾರದ ತುಂಡಿನಂಥದೇನೋ ನಿಂತಿತ್ತು. ಅದಕ್ಕೆ ತಲೆಯಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಆದರೂ ಅದು ಯಂಕೋಬನಲ್ಲ ಎಂದು ಹೇಳುವ ಧೈರ್ಯ ಬರಲಿಲ್ಲ. ಅವನೂ ಹಾಗೇ ನಿಲ್ಲುತ್ತಿದ್ದ, ನೋಡುತ್ತಾ.

ವಿಚಿತ್ರವೆಂದರೆ ಆ ಮನುಷ್ಯ ಹತ್ತಿರ ಬರುತ್ತಿರಲಿಲ್ಲ. ನನ್ನ ಪುಸ್ತಕದ ಪ್ರಕಾರ ಮೊದಲ ದಿನ ತೊಂಬತ್ತು ಗೆರೆ, ಎರಡನೆಯ ದಿನ ನೂರಿಪ್ಪತ್ತು ಗೆರೆ ಸರಿದಿತ್ತು. ಮೂರನೆಯ ದಿನ ಸಂಜೆಗೆ ತಟ್ಟೆ ಮುನ್ನೂರ ಅರವತ್ತನ್ನೂ ಮುಗಿಸಿ ಮತ್ತೆ ಮೊದಲಿನ ಗೆರೆಗೇ ಬಂದು ನಿಂತಿತು. ಅಂದರೆ ಆ ಮನುಷ್ಯ ನಮ್ಮ ಊರಿನ ಸುತ್ತ ಒಂದು ಸುತ್ತು ಹಾಕಿದ್ದ. ಬಂಡೆಗಳ ನಡುವೆ ಊರೊಳಗೆ ಬರುವ ಒಂದೇ ದಾರಿಯಾದ ಕುಂಬಾರ ಸಂದಿನ ಮುಂದೆಯೇ ಹಾದು ಹೋಗಿದ್ದ, ಒಳಗೆ ಬಂದಿರಲಿಲ್ಲ.

'ಬರೋ ಮನಸಿದ್ದರ ಬರತಿದ್ದ. ಯಾಕ ತಿರಗಾಕತ್ತಾನ?' ಎಂದು ಪಟೇಲರು ನನ್ನನ್ನೇ ಕೇಳಿದರು. ನನಗೇನು ಗೊತ್ತು?

ಡೊಳ್ಳು ಬಾರಿಸಿ ನೋಡಿದರು. ನಮ್ಮೂರ ಸುತ್ತ ಬರೀ ಬಂಡೆ. ಒಂದು ಕಡೆ ಬಾರಿಸಿದರೆ ನಾಲ್ಕು ಕಡೆ ಕೇಳುತ್ತದೆ, ಎಲ್ಲಿಂದ ಎಂದು ತಿಳಿಯುವುದಿಲ್ಲ. ನಾಲ್ಕನೆಯ ದಿನ ಪಟೇಲರ ತಮ್ಮನ ಮಕ್ಕಳಿಬ್ಬರು, ಗಟ್ಟಿ ಆಳುಗಳು, ನೀರು ರೊಟ್ಟಿ ಕಟ್ಟಿಕೊಂಡು ತಟ್ಟೆ ತೋರಿಸಿದ ಕಡೆಗೆ ಇಳಿದರು. ಅವರು ತಿರುಗಿ ಬರುವಾಗ ಮರುದಿನ ಬೆಳಗಾಗಿತ್ತು. ಬಂದವರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು. ದೊಡ್ಡವನಿಗೆ ಬಯಲಲ್ಲಿ ಆರು ಜನ ಕಂಡಿದ್ದರಂತೆ, ಸಣ್ಣವನಿಗೆ ಯಾರೂ ಕಂಡಿರಲಿಲ್ಲ. ಹೊರಗಿನಿಂದ ನೋಡಿದರೆ ಬಂಡೆಗಳ ನಡುವಿನ ಸಂದುಗಳೆಲ್ಲ ಒಂದೇ ಥರ. ಎಷ್ಟೋ ಸಂದುಗಳೊಳಗೆ ಹೊಕ್ಕು, ಮುಂದೆ ದಾರಿಯಿಲ್ಲದೆ ತಿರುಗಿ, ಕಡೆಗೆ ಹೊಗೆಯ ವಾಸನೆ ಹಿಡಿದು ಬಂದಿದ್ದರು. ಇನ್ನು ಯಾರೂ ಇಳಿಯಬಾರದು ಎಂದರು ಪಟೇಲರು.

ಹಾಗಾದರೆ ತಟ್ಟೆಯನ್ನು ನಿಲ್ಲಿಸಿ ನೋಡೋಣವೇ ಎಂದು ಲೆಕ್ಕದ ಮಾಸ್ತರರು ಕೇಳಿದರು. ಸುತ್ತುಮೋಟಾರನ್ನು ಗಾಲಿಗೆ ಸೇರಿಸುವ ಒಂದು ಕೊಕ್ಕೆಯಿದೆ. ಅದನ್ನು ಎತ್ತಿದರೆ ತಟ್ಟೆ ಯಾರನ್ನೂ ಹಿಂಬಾಲಿಸುವುದಿಲ್ಲ, ಕೈಯಿಂದ ತಿರುಗಿಸಿದ ಕಡೆಗೆ ತಿರುಗುತ್ತದೆ. ನನ್ನಪ್ಪನ ಕಾಲದಲ್ಲಿ ಒಮ್ಮೆ ಗಾಲಿಯ ಹಲ್ಲು ಮುರಿದು ಕೊಕ್ಕೆ ಎತ್ತಬೇಕಾಯಿತು. ಆಗ ತಟ್ಟೆ ನೇಕಾರನೊಬ್ಬನ ಹಿಂದೆ ಇತ್ತು, ಆತ ಅದೇ ವಾರ ತೀರಿಕೊಂಡ. ಆತನಿಗೆ ಮೊದಲೇ ಕೆಮ್ಮಿತ್ತು ಎಂದು ಅಪ್ಪ ಹೇಳುತ್ತಿದ್ದ. ಊರು ಒಪ್ಪಿರಲಿಲ್ಲ.

'ಈಗ ಅವರು ಎಲ್ಲಿ ಅದಾರ ಅನ್ನೋದಾದರೂ ಗೊತ್ತೈತಿ' ಎಂದರು ಪಟೇಲರು. 'ಕೊಕ್ಕೆ ಎತ್ತಿದರ ಅದೂ ಹೋತು. ಯಾರೂ ಮುಟ್ಟಬಾರದು.'

'ನಾ ಕಾಯ್ತೀನಿ' ಎಂದು ಫಾತಿಮಾಬಿ ಚಾಪೆ ತಂದು ಕಂಬದ ಬುಡದಲ್ಲಿ ಹಾಸಿಕೊಂಡಳು. ನನಗೆ ಒಳಗೊಳಗೇ ಸಮಾಧಾನವಾಯಿತು. ಕೊಕ್ಕೆ ಎತ್ತುವ ಪ್ರಶ್ನೆ ಇನ್ನು ನನ್ನದಲ್ಲ.

ಐದನೆಯ ದಿನ ಮಧ್ಯಾಹ್ನ ಬಳೆಗಾರ ಸಿದ್ರಾಮ ಬಂದ. ಮೂರು ತಿಂಗಳಿಗೊಮ್ಮೆ ಕತ್ತೆಯ ಮೇಲೆ ಬಳೆ ಹೇರಿಕೊಂಡು ಬರುವ ಅವನೊಬ್ಬನೇ ನಮ್ಮೂರಿಗೆ ಹೊರಗಿನವನು. ಫಾತಿಮಾಬಿ ಊಟಕ್ಕೆ ಇಳಿದಿದ್ದಳು. ಸಿದ್ರಾಮ ಗುಡ್ಡದ ಮೇಲೆ ನನ್ನೆದುರು ಕುಸಿದು ಕೂತು ಬೈಯತೊಡಗಿದ.

'ಏನಾಗೇತಬೇ ನಿಮ್ಮ ತಟ್ಟಿಗೆ? ನಾಕು ದಿನ ಆತು ನಾ ಬಯಲಿಗೆ ಬಂದು. ಈ ಕತ್ತೆ ದಾರಿ ಹಿಡದು ತರದಿದ್ದರ ಸಾಯ್ತಿದ್ದೆ.'

'ಯಾಕ? ದಾರಿ ಗೊತ್ತಿಲ್ಲೇನು ನಿನಗ?'

'ದಾರಿ ಎಲ್ಲೈತಿ ಇಲ್ಲೆ? ನಾವು ಹೊರಗಿನವರು ತಟ್ಟಿ ನೋಡಿಕೋತ ಬರೋದು. ಒಂದು ಕಡೆಯಿಂದ ನೋಡಿದರ ಅದರ ಬೆನ್ನು ಕಾಣತೈತಿ, ಇನ್ನೊಂದು ಕಡೆಯಿಂದ ಕುಡುಗೋಲಿನಂಗ ಕಾಣತೈತಿ. ನಡಕೋತ ನಡಕೋತ, ಎಲ್ಲಿ ನಿಂತರ ಪೂರಾ ದುಂಡಗ ಕಾಣತೈತೋ ಅಲ್ಲೇ ಎದುರಿಗೆ ಕುಂಬಾರ ಸಂದು. ಬಯಲಿನ ಆಚೆ ದನ ಕಾಯೋರಿಗೂ ಇದು ಗೊತ್ತು. ಈ ಸಲ ದುಂಡಗ ಕಂಡ ಕಡೆ ಹೋದರ ಬರೀ ಬಂಡೆ! ಹಿಂದ ಬಂದು ನೋಡ್ತೀನಿ, ದುಂಡಗ ಇದ್ದದ್ದು ಕುಡುಗೋಲಾಗೈತಿ.'

ನಾನು ಗ್ರೀಸಿನ ಡಬ್ಬಿ ಹಿಡಿದು ಹಾಗೇ ನಿಂತೆ. ತಟ್ಟೆ ಇಷ್ಟು ವರ್ಷ ಊರಿನವರ ಹಿಂದೆಯೇ ಇದ್ದುದರಿಂದ ಅದರ ಮುಖ ಊರಿನ ಕಡೆಗೇ, ಊರಿನಾಚೆಯ ಕುಂಬಾರ ಸಂದಿನ ಕಡೆಗೇ ಇರುತ್ತಿತ್ತು. ಅದನ್ನು ಹೊರಗಿನಿಂದ ನೋಡುವ ಪ್ರಮೇಯ ನಮಗೆ ಬಂದಿರಲಿಲ್ಲ. ಈಗ ಅದು ಆ ಮನುಷ್ಯನನ್ನೇ ನೋಡುತ್ತಿತ್ತು. ಅಂದರೆ ಆ ಮನುಷ್ಯ ಬಯಲಿನಲ್ಲಿ ಎಲ್ಲಿ ನಿಂತರೂ ಅದು ಪೂರಾ ದುಂಡಗೆ ಕಾಣುತ್ತದೆ. ನಿಂತ ನಿಂತ ಜಾಗವೆಲ್ಲ ಸರಿಯಾದ ಜಾಗ, ಎದುರಿಗೆ ಮಾತ್ರ ಬಂಡೆ. ಎಷ್ಟು ಸುತ್ತು ಹಾಕಿದರೂ ಅಷ್ಟೇ.

ಕೊಕ್ಕೆ ಎತ್ತಿ ತಟ್ಟೆಯನ್ನು ಸಂದಿನ ಕಡೆ ತಿರುಗಿಸಿದರೆ ಆತ ಬರುತ್ತಾನೆ. ಊರಲ್ಲಿ ಇದು ಹೊಳೆದದ್ದು ನನ್ನೊಬ್ಬಳಿಗೇ. ಸಿದ್ರಾಮ ಇಳಿದು ಓಣಿಗಳಲ್ಲಿ 'ಬಳೀ, ಬಳೀ' ಎಂದು ಕೂಗುತ್ತಾ ಹೋದ. ಫಾತಿಮಾಬಿ ಮೇಲೆ ಬಂದು ಚಾಪೆಯ ಮೇಲೆ ಕೂತು, 'ಏನಂದ ಬಳೆಗಾರ?' ಎಂದಳು.

'ಏನಿಲ್ಲ. ಬಿಸಿಲು ಅಂದ' ಎಂದೆ.

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಸುಳ್ಳು ಹೇಳಬೇಕೆಂದು ಅಂದುಕೊಂಡಿರಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ಅದು ಮಹಬೂಬನೇ ಇರಬಹುದು ಎಂದು ಒಮ್ಮೆ ಅನ್ನಿಸುತ್ತಿತ್ತು. ಆಗ ಎದ್ದು ಹೋಗಿ ಕೊಕ್ಕೆ ಎತ್ತಿಬಿಡಬೇಕು ಅನ್ನಿಸುತ್ತಿತ್ತು. ಮರುಗಳಿಗೆ ನಮ್ಮ ಕಟ್ಟೆಯ ಮೇಲೆ ಯಂಕೋಬ ಕೂತಂತೆ ಕಾಣುತ್ತಿತ್ತು. ಫಾತಿಮಾಬಿ ಚಹಾ ಕಾಸಿ ಕೊಟ್ಟಳು. ಅವಳು ಮಹಬೂಬನ ಹಳೆಯ ಅಂಗಿಯೊಂದನ್ನು ತಂದಿದ್ದಳು, ಅದರ ಕಾಲರನ್ನು ತಿರುವಿ ಹೊಲಿಯುತ್ತಿದ್ದಳು. ನಾನು ಚಹಾ ಕುಡಿದೆ.

ಆರನೆಯ ದಿನ ಬೆಳಿಗ್ಗೆ ತಟ್ಟೆ ಎರಡು ಗೆರೆ ಸರಿದು ನಿಂತುಬಿಟ್ಟಿತು. ಮಧ್ಯಾಹ್ನವೂ ಅದೇ ಗೆರೆ, ಸಂಜೆಯೂ ಅದೇ ಗೆರೆ. ಏಳನೆಯ ದಿನ ಬೆಳಿಗ್ಗೆ ನಾನು ಗುಡ್ಡ ಹತ್ತುವಾಗಲೇ ಕಿವಿಗೊಟ್ಟೆ. ಮೋಟಾರಿನ ಸದ್ದಿರಲಿಲ್ಲ. ನೂರಾ ಎಪ್ಪತ್ತೊಂದನೆಯ ಗೆರೆ. ಅದನ್ನು ಪುಸ್ತಕದಲ್ಲಿ ನಾಲ್ಕನೆಯ ಸಲ ಬರೆಯುವಾಗ ನನ್ನ ಕೈ ನಿಂತಿತು. ಕೆಳಗೆ ಊರಿನ ಜನ ಬಾಗಿಲಿಗೆ ಬಂದು ತಟ್ಟೆ ನೋಡಿ, 'ಇನ್ನೂ ಅಲ್ಲೇ ಐತಿ' ಎಂದು ಒಬ್ಬರಿಗೊಬ್ಬರು ಹೇಳಿ ಒಳಗೆ ಹೋಗುತ್ತಿದ್ದರು. ಕಾಳಿನ ಕೋಣೆಯ ಕತ್ತಲಲ್ಲಿ ಕೂತಾಗ ಹೊರಗೆ ಅವರು ಹೀಗೇ ಅಂದಿರಬೇಕು. ಇದೇ ದನಿಯಲ್ಲಿ.

'ಫಾತಿಮಾ, ಏಳು. ಕೊಕ್ಕೆ ಎತ್ತಬೇಕು' ಎಂದೆ.

ಅವಳು ಹೊಲಿಗೆಯಿಂದ ತಲೆ ಎತ್ತಿದಳು. ಅಂಗಿ ಮಡಿಲಿಂದ ಜಾರಿತು. ಎದ್ದವಳು ಎರಡೂ ತೋಳಿಂದ ಕೊಕ್ಕೆಯ ಮೇಲೆ ಕವುಚಿ ಬಿದ್ದಳು.

'ಹುಚ್ಚು ಹಿಡದೈತೇನು? ಅವಂಗ ದಣಿವಾಗೇತಿ, ಕುಂತಾನ. ಈಗ ಬಿಟ್ಟರ ಎಲ್ಲಿ ಹುಡುಕಲಿ ನಾನು?'

ನಾನು ಹೇಳಿದೆ. ದುಂಡಗೆ ಕಾಣುವುದು, ಕುಡುಗೋಲಿನಂತೆ ಕಾಣುವುದು, ಬಳೆಗಾರ ಹೇಳಿದ್ದು, ಎಲ್ಲ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಗ್ರೀಸಿನ ಡಬ್ಬಿಯ ಮುಚ್ಚಳವನ್ನು ಅವಳ ಕಣ್ಣ ಮುಂದೆ ಹಿಡಿದು ತಿರುಗಿಸಿ ತೋರಿಸಿದೆ. ಒಮ್ಮೆ ದುಂಡಗೆ, ಒಮ್ಮೆ ಗೆರೆಯಂತೆ. ಆಮೇಲೆ ಮುಚ್ಚಳದ ಮುಖವನ್ನು ಅವಳಿಗೇ ಹಿಡಿದುಕೊಂಡು ಅವಳ ಸುತ್ತ ಒಂದು ಸುತ್ತು ಬಂದೆ. ಅವಳು ನನ್ನ ಜೊತೆಗೇ ತಿರುಗಿ ತಿರುಗಿ ನೋಡಿದಳು.

'ಎಲ್ಲಾ ಕಡೆಯಿಂದಾನೂ ದುಂಡಗ' ಎಂದಳು ಮೆಲ್ಲಗೆ. ಆಮೇಲೆ, 'ಬಳೆಗಾರ ಬಂದು ಎರಡು ದಿನ ಆತಲ್ಲ?'

'ಹೌದು.'

'ಬಿಸಿಲು ಅಂದ, ಅಂದಿ ನೀನು.'

'ಹೌದು.'

'ಯಾಕ?'

'ಯಂಕೋಬ ಇರಬಹುದಂತ' ಎಂದೆ. 'ಬರದಿದ್ದರ ಚಲೋ ಅಂತ.'

ಫಾತಿಮಾಬಿ ನನ್ನ ಕೆನ್ನೆಗೆ ಬಾರಿಸಿದಳು. ಕಲಾಯಿ ಪಾತ್ರೆ ತಿಕ್ಕಿ ತಿಕ್ಕಿ ಗಟ್ಟಿಯಾದ ಕೈ. ಕಿವಿಯಲ್ಲಿ ಗುಂಯ್ ಎಂದಿತು. ಇನ್ನೊಂದು ಬೀಳುತ್ತದೆ ಎಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಕಣ್ಣು ತೆರೆದಾಗ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೊಕ್ಕೆಗೆ ಕೈ ಹಾಕಿದ್ದಳು.

'ಇದನ್ನ ಹೆಂಗ ಎತ್ತೋದು? ಹೇಳು ಲಗೂನ.'

ಕೊಕ್ಕೆ ಎತ್ತಿದ ಮೇಲೆ ಮೋಟಾರು ಬರಿದೇ ಉಸಿರಾಡುವಂತೆ ಸದ್ದು ಮಾಡಿತು. ತಟ್ಟೆ ಗಾಳಿಗೆ ತೂಗಾಡಿತು. ಕೈತಿರುಗಣೆಯನ್ನು ಒಬ್ಬರೇ ತಿರುಗಿಸಲು ಆಗುವುದಿಲ್ಲ, ಗಾಳಿ ಹಿಂದಕ್ಕೆ ಎಳೆಯುತ್ತದೆ. ನಾವಿಬ್ಬರೂ ಎದುರುಬದುರು ನಿಂತು ನಾಲ್ಕು ಕೈಯಿಂದ ತಿರುಗಿಸಿದೆವು. ಒಂದು ಗೆರೆಗೆ ಎಂಟು ಸುತ್ತು. ಕುಂಬಾರ ಸಂದಿನ ಗೆರೆ ಇನ್ನೂರ ಹನ್ನೆರಡು. ಕೆಳಗೆ ಗದ್ದಲ ಎದ್ದಿತು. ಪಟೇಲರು ಗುಡ್ಡ ಹತ್ತಿ ಬರುವಷ್ಟರಲ್ಲಿ ತಟ್ಟೆ ಊರಿನ ಮೇಲಿಂದ ಸಂದಿನ ಕಡೆ ನೋಡುತ್ತಾ ನಿಂತಿತ್ತು. ನಾನು ಗಾಲಿಯ ಹಲ್ಲಿನ ನಡುವೆ ಕಬ್ಬಿಣದ ಗೂಟ ಬಡಿದಿದ್ದೆ. ಪಟೇಲರಿಗೆ ಏದುಸಿರು, ಬೈಯಲೂ ಆಗಲಿಲ್ಲ.

'ಯಾರು ಹೇಳಿದರು ನಿಮಗ ಇದನ್ನ ಮಾಡಂತ?'

'ನನ್ನ ಮನುಷ್ಯಾ ಅದಾನ ಅಲ್ಲೆ, ನಾ ತಿರುಗಿಸೀನಿ' ಅಂದಳು ಫಾತಿಮಾಬಿ. ನನ್ನ ವಿಷಯ ಅವಳು ಎತ್ತಲಿಲ್ಲ. ನನ್ನ ಜೊತೆ ಮಾತೂ ಆಡಲಿಲ್ಲ. ಚಾಪೆ ಸುತ್ತಿಕೊಂಡು ಇಳಿದು ಹೋದಳು.

ಆಮೇಲಿನ ಒಂದು ದಿನ ಹೇಗೆ ಕಳೆಯಿತೋ. ನಮಗೆ ಇನ್ನೇನೂ ಗೊತ್ತಿರಲಿಲ್ಲ. ತಟ್ಟೆ ನಾವು ಇಟ್ಟ ಕಡೆ ಇತ್ತು, ಏನನ್ನೂ ಹೇಳುತ್ತಿರಲಿಲ್ಲ. ಜನ ಅಭ್ಯಾಸಬಲದಿಂದ ಗುಡ್ಡ ನೋಡುತ್ತಿದ್ದರು, ತಟ್ಟನೆ ನೆನಪಾಗಿ ನೆಲ ನೋಡುತ್ತಿದ್ದರು. ನಾನು ಮನೆಯಲ್ಲಿ ಕಾಳಿನ ಕೋಣೆಯ ಬಾಗಿಲನ್ನು ಕಿತ್ತು ಹಿತ್ತಲಲ್ಲಿ ಒರಗಿಸಿದೆ. ಬರುವವನು ಯಂಕೋಬನಾದರೆ ಏನು ಹೇಳಬೇಕು ಎಂದು ಗಟ್ಟಿಯಾಗಿ ಹೇಳಿ ನೋಡಿಕೊಂಡೆ. ಪ್ರತಿ ಸಲ ಬೇರೆ ಬೇರೆ ಮಾತು ಬಂತು.

ಎಂಟನೆಯ ದಿನ ಹೊತ್ತು ಇಳಿಯುವಾಗ ಕುಂಬಾರರ ಹೆಂಗಸರು ಕೂಗಿದರು. ಊರೆಲ್ಲ ಸಂದಿನ ಬಾಯಿಗೆ ಓಡಿತು. ಫಾತಿಮಾಬಿ ಕಾಲರು ತಿರುವಿದ ಅಂಗಿಯನ್ನು ಎದೆಗವುಚಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದಳು. ನಾನು ಎಲ್ಲರಿಗಿಂತ ಹಿಂದೆ.

ಬಂಡೆಗಳ ನಡುವಿನಿಂದ ಒಬ್ಬ ಹೆಂಗಸು ಬಂದಳು.

ನನ್ನ ವಯಸ್ಸಿನವಳೇ ಇರಬೇಕು. ಕಾಲಿಗೆ ಬಟ್ಟೆ ಸುತ್ತಿದ್ದಳು, ತುಟಿ ಒಡೆದಿತ್ತು, ಹೆಗಲಲ್ಲಿ ಕಲ್ಲು ಒಡೆಯುವವರ ಸುತ್ತಿಗೆ ಮತ್ತು ಉಳಿಗಳ ಚೀಲ. ಅವಳು ನಿಂತು ನಮ್ಮೆಲ್ಲರನ್ನೂ ನೋಡಿದಳು. ನಾವೂ ಅವಳನ್ನು ನೋಡಿದೆವು. ಅವಳ ಮುಖದಲ್ಲಿ ಯಾರ ಅಣ್ಣನೂ ದೊಡ್ಡಪ್ಪನೂ ಇರಲಿಲ್ಲ. ನನಗೆ ಮೊದಲು ಬಂದದ್ದು 'ಅವನಲ್ಲ' ಎಂಬ ಹಗುರ. ಅದು ಬಂದ ಕೂಡಲೇ ಪಕ್ಕದ ಗೋಡೆ ಹಿಡಿದೆ. ನನಗೆ ಅಳು ಬರುತ್ತಿತ್ತು, ಯಾಕೆಂದು ತಿಳಿಯಲಿಲ್ಲ.

'ನನ್ನ ಹುಡುಕಾಕತ್ತಿದ್ದವರು ಯಾರು?' ಎಂದಳು ಆ ಹೆಂಗಸು.

ಪಟೇಲರು ಕೆಮ್ಮಿದರು.

'ನಾ ಕಲ್ಲಿನ ಕೆಲಸಕ್ಕ ಬ್ಯಾರೆ ಊರಿಗೆ ಹೊಂಟಿದ್ದೆ' ಎಂದಳು. 'ದೂರದಾಗ ಅದು ನನ್ನ ಕಡೆ ತಿರುಗಿದ್ದು ಕಂಡಿತು. ನಾ ನಡದರ ಅದೂ ತಿರುಗತೈತಿ, ನಿಂತರ ನಿಲ್ಲತೈತಿ. ದನ ಕಾಯೋ ಮುದುಕಗ ಕೇಳಿದೆ. ದುಂಡಗ ಕಾಣೋ ಕಡೆ ಹೋದರ ಊರೈತಿ ಅಂದ. ನನಗ ಇಲ್ಲಿಂದಾನ ದುಂಡಗ ಕಾಣತೈತಲ್ಲೋ ಅಂದೆ. ಹಂಗಾರ ನಿನ್ನ ಯಾರೋ ಕರಿಯಾಕತ್ತಾರ ಹೋಗವ್ವಾ ಅಂದ. ನನಗ ಯಾರೂ ಇಲ್ಲ. ಯಾರಿರಬಹುದು ಅಂತ ಬಂದೆ.' ಅವಳು ಒಬ್ಬೊಬ್ಬರನ್ನೇ ನೋಡಿದಳು. 'ಯಾರು?'

ಫಾತಿಮಾಬಿಯ ಕೈಯಲ್ಲಿನ ಅಂಗಿ ನಿಧಾನವಾಗಿ ಕೆಳಗಿಳಿಯಿತು. ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಆ ಬೆನ್ನನ್ನು ನೋಡುತ್ತಾ ನಿಲ್ಲಲಾಗಲಿಲ್ಲ. ಜನರನ್ನು ಸರಿಸಿಕೊಂಡು ಮುಂದೆ ಬಂದೆ.

'ನಾನು' ಎಂದೆ.

ಅದು ಇನ್ನೊಂದು ಸುಳ್ಳು. ಎಂಟು ದಿನದಲ್ಲಿ ಅವಳು ಬರಬಾರದೆಂದು ಬಯಸಿದವಳು ನಾನೊಬ್ಬಳೇ.

'ಯಾಕ?' ಎಂದಳು ಅವಳು.

ಅಷ್ಟರಲ್ಲಿ ಫಾತಿಮಾಬಿ ಕುಂಬಾರರ ಗಡಿಗೆಯಿಂದ ತಂಬಿಗೆ ತುಂಬಿ ನಮ್ಮಿಬ್ಬರ ನಡುವೆ ತಂದಿಟ್ಟಳು. 'ಮೊದಲು ನೀರು ಕುಡಿ. ಯಾಕ ಅನ್ನೋದು ಭಾಳ ಐತಿ, ಕುಂತು ಹೇಳತೀವಿ' ಎಂದಳು. ಅವಳ ದನಿ ಒಡೆದಿತ್ತು, ಕೈ ಗಟ್ಟಿಯಾಗಿತ್ತು.

ಅವಳ ಹೆಸರು ಸುಗಲಾಬಾಯಿ. ಹೋಗಬೇಕಾದ ಊರಿನ ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ ಎಂದು ಇಲ್ಲೇ ಉಳಿದಳು. ಫಾತಿಮಾಬಿಯ ಮನೆಯಲ್ಲಿ ಇದ್ದಾಳೆ, ಇಬ್ಬರೂ ದಿನಕ್ಕೆರಡು ಸಲ ಜಗಳವಾಡುತ್ತಾರೆ. ಅವಳು ಬಂದ ಮೂರು ದಿನಕ್ಕೆ ಗೂಟ ತೆಗೆದು ಕೊಕ್ಕೆ ಹಾಕಿದೆ. ತಟ್ಟೆ ಎರಡು ಸುತ್ತು ಬಂದು ಪಟೇಲರನ್ನು ಹಿಡಿಯಿತು. ಅವರು ಈಗಲೂ ಮನೆಯಿಂದ ಹೆಚ್ಚು ಹೊರಗೆ ಬರುವುದಿಲ್ಲ. ಫಾತಿಮಾಬಿ ನನ್ನ ಜೊತೆ ಮಾತಾಡಲು ಒಂದು ತಿಂಗಳು ಹಿಡಿಯಿತು. ಮೊದಲ ಮಾತು ಜರಡಿ ಕೇಳಿದ್ದು.

ಸುಗಲಾಬಾಯಿ ಮಾತ್ರ ತಿಂಗಳಿಗೊಮ್ಮೆಯಾದರೂ ಕೇಳುತ್ತಿದ್ದಳು, ನನ್ನ ಯಾಕ ಹುಡುಕಿದಿ ಅಂತ. ನಾನು ಏನೋ ಹೇಳಿ ಜಾರಿಕೊಳ್ಳುತ್ತಿದ್ದೆ. ಕಳೆದ ಬೇಸಿಗೆಯಲ್ಲಿ ತಟ್ಟೆಯ ಕಂಬದ ಬುಡದ ಕಲ್ಲು ಬಿರುಕುಬಿಟ್ಟಿತ್ತು, ಅವಳು ಹೊಸ ಕಲ್ಲು ಕೂರಿಸಲು ಗುಡ್ಡಕ್ಕೆ ಬಂದಿದ್ದಳು. ನಾನು ಗ್ರೀಸು ತುಂಬುತ್ತಾ ಎಲ್ಲ ಹೇಳಿದೆ. ಯಂಕೋಬ, ಕಾಳಿನ ಕೋಣೆ, ಬಳೆಗಾರ, ಬಿಸಿಲು ಅಂದ ಎಂದದ್ದು, ಎರಡು ದಿನ. 'ಆ ಎರಡು ದಿನದಾಗ ನೀ ನಡಿಯಾಕ ಆಗದ ಬಿದ್ದಿದ್ದಿ. ನಾ ಚಹಾ ಕುಡಕೋತ ಕುಂತಿದ್ದೆ' ಎಂದೆ.

ಸುಗಲಾಬಾಯಿ ಉಳಿ ನಿಲ್ಲಿಸಿದಳು. 'ಯಾರಂದರು ಬಿದ್ದಿದ್ದೆ ಅಂತ? ಗುಂಡಿಯೊಳಗ ಮಳಿ ನೀರಿತ್ತು, ರೊಟ್ಟಿ ಇದ್ದವು. ಎಷ್ಟಂತ ನಾನ ತಿರುಗಲಿ? ನೋಡಾಕತ್ತಾರಂದ ಮ್ಯಾಲೆ ಅವರು ಇಳದು ಬರಲಿ ಅಂತ ಕುಂತೆ. ಒಂದಿಡೀ ದಿನ ಕುಂತೆ.'

ನಾನು ಗ್ರೀಸಿನ ಡಬ್ಬಿ ಕೆಳಗಿಟ್ಟೆ.

'ಮ್ಯಾಲಿಂದ ಮಕಾ ಅತ್ಲಾಗ ತಿರುಗಿಸಿದಿ ನೋಡು' ಎಂದಳು, 'ಅವಾಗ ಬಂತು ಸಿಟ್ಟು. ಏಳು ದಿನ ನನ್ನ ನೋಡಿ ಈಗ ಮಕಾ ತಿರುಗಿಸ್ತಾರ? ಯಾರದು ಅಂತ ಕಂಡು, ಚೆಂದಾಗಿ ಬೈದು, ಆಮ್ಯಾಲೆ ನನ್ನ ದಾರಿ ಹಿಡಿಯೋಣ ಅಂತ ಎದ್ದೆ.'

'ಮತ್ತ ಬೈಲಿಲ್ಲಲ್ಲ?'

'ನೀರು ಕೊಟ್ಟರಿ. ಮರತೆ.'

'ಈಗ ಬೈ' ಎಂದೆ.

ಅವಳು ಸುತ್ತಿಗೆ ಕೆಳಗಿಟ್ಟು, ಬೆವರು ಒರೆಸಿಕೊಂಡು, ನೆರಳಲ್ಲಿ ಕಾಲು ಚಾಚಿ ಕೂತು ಶುರುಮಾಡಿದಳು. ನನ್ನಿಂದ ಶುರುವಾಗಿ ನನ್ನ ಗಂಡ, ಬಳೆಗಾರ, ಅವನ ಕತ್ತೆ, ಪಟೇಲರು, ಅಗಳಿ ತೆಗೆಯಲು ಬಾರದ ಊರಿನ ಎಲ್ಲ ಓಣಿಗಳ ಜನ, ಒಬ್ಬರನ್ನೂ ಬಿಡಲಿಲ್ಲ. ಅಂಥ ಬೈಗುಳ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ನಾನು ಗ್ರೀಸಿನ ಕೈಯನ್ನು ಸೀರೆಗೆ ಒರೆಸಿಕೊಂಡು ಅವಳ ಪಕ್ಕದಲ್ಲಿ ಕೂತೆ. ಹೊತ್ತು ಮುಳುಗುವವರೆಗೂ ಬೈದಳು.